ರೈತನ ಪ್ರಯೋಗಾಲಯಕ್ಕೆ ಬೀಗ ಜಡಿಯುವವರು

ಅಮೆರಿಕದ ಕೃಷಿ ಸಚಿವೆ ಬ್ರೂಕ್ ರೋಲಿನ್ಸ್ 2025ರ ಜುಲೈ 24ರಂದು ಒಂದು ಆದೇಶಪತ್ರ ಹೊರಡಿಸಿದರು. ರಾಜಧಾನಿ ವಾಷಿಂಗ್ಟನ್ ಮತ್ತು ಅದರ ಆಸುಪಾಸಿನಲ್ಲಿ ದುಡಿಯುತ್ತಿದ್ದ ಕೃಷಿ ಇಲಾಖೆಯ ಸುಮಾರು 4,600 ನೌಕರರಲ್ಲಿ 2,000ಕ್ಕಿಂತ ಹೆಚ್ಚು ಮಂದಿ ಅಲ್ಲಿ ಉಳಿಯಬಾರದು, ಮಿಕ್ಕವರು ದೇಶದ ಬೇರೆ ಐದು ನಗರಗಳಿಗೆ ಹೋಗಬೇಕು ಎಂಬುದು ಅದರ ಸಾರ. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಇಷ್ಟೇ. ಆದರೆ ಅದೇ ಪತ್ರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನಲ್ಲಿರುವ ಕೃಷಿ ಸಂಶೋಧನಾ ಕೇಂದ್ರವನ್ನು ಕೆಲವು ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ತೆರವು ಮಾಡಲಾಗುವುದು ಎಂಬುದು ಆ ಸಂಗತಿ. 1910ರಿಂದ ನಡೆದುಬಂದ, ಜಗತ್ತಿನ ಅತಿ ದೊಡ್ಡ ಸಾರ್ವಜನಿಕ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಒಂದಾದ ಸಂಸ್ಥೆಗೆ ಹೀಗೆ ಒಂದೆರಡು ಸಾಲುಗಳಲ್ಲಿ ಮರಣ ಶಾಸನ ಬರೆಯಲಾಯಿತು.

ಅಮೆರಿಕದ ಯಾವುದೋ ಊರಿನ ಕೇಂದ್ರವೊಂದು ಮುಚ್ಚಿದರೆ ನಮಗೇನು ಎಂದು ಓದುಗರು ಕೇಳಬಹುದು. ಅಮೆರಿಕದ ಆಡಳಿತವು ಜಗತ್ತಿನ ಮೇಲೆ ಹೇರಿದ ಯುದ್ಧಗಳನ್ನೂ ದಿಗ್ಬಂಧನಗಳನ್ನೂ ಕಂಡವರು ನಾವು. ಅದರ ಒಂದು ಇಲಾಖೆಗೆ ಬೀಗ ಬಿದ್ದರೆ ಕಣ್ಣೀರು ಹಾಕುವ ಅಗತ್ಯ ನಮಗಿಲ್ಲ ಎಂದು ಮೇಲ್ನೋಟಕ್ಕೆ ಅನಿಸುವುದು ಸಹಜ. ಆದರೆ ಆ ಕೇಂದ್ರದಿಂದ ಹೊರಟ ಅರಿವು ನಮ್ಮ ಹೊಲ ತೋಟಗಳಿಗೆ ಹೇಗೆ ಬಂದು ಸೇರಿದೆ ಎಂಬುದನ್ನು ಒಮ್ಮೆ ನೋಡಿದರೆ ಈ ಪ್ರಶ್ನೆಯ ಧಾಟಿಯೇ ಬದಲಾಗುತ್ತದೆ.

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆ ರಾತ್ರಿ ಪ್ರಯಾಣ ಮಾಡಿದವರು ಒಂದು ನೋಟವನ್ನು ಕಂಡಿರಬಹುದು. ಕತ್ತಲ ನಡುವೆ ಇದ್ದಕ್ಕಿದ್ದಂತೆ ಒಂದು ಹೊಲ ಮದುವೆ ಚಪ್ಪರದಂತೆ ಬೆಳಗುತ್ತಿರುತ್ತದೆ. ಸಾಲು ಸಾಲು ಬಲ್ಬುಗಳ ಕೆಳಗಿರುವುದು ಸೇವಂತಿಗೆ ಗಿಡ. ರಾತ್ರಿ ಉದ್ದವಾದಾಗ ಮೊಗ್ಗು ಬಿಡುವುದು ಸೇವಂತಿಗೆಯ ಸ್ವಭಾವ. ಗಿಡ ಇನ್ನೂ ಕುಳ್ಳಗಿರುವಾಗಲೇ ಮೊಗ್ಗಾದರೆ ಹೂವಿಗೆ ಬೆಲೆ ಸಿಗದು. ಆದ್ದರಿಂದ ರೈತನು ಬಲ್ಬು ಉರಿಸಿ ರಾತ್ರಿಯನ್ನು ತುಂಡರಿಸುತ್ತಾನೆ. ಗಿಡವು ಇನ್ನೂ ಬೇಸಗೆಯೆಂದೇ ಭಾವಿಸಿ ಎತ್ತರಕ್ಕೆ ಬೆಳೆಯುತ್ತದೆ. ಹಬ್ಬದ ಲೆಕ್ಕ ಹಾಕಿ ಬಲ್ಬು ಆರಿಸಿದರೆ ಆ ದಿನಕ್ಕೆ ಸರಿಯಾಗಿ ಹೂ ಬಿಡುತ್ತದೆ. ಅಕ್ಷರ ಬಾರದ ರೈತನೂ ಇಂದು ಮಾಡುವ ಈ ಕೆಲಸದ ಹಿಂದೆ ಅಮೆರಿಕದ ಕೃಷಿ ಇಲಾಖೆಯ ಅರ್ಧ ಶತಮಾನದ ಸಂಶೋಧನೆಯಿದೆ.

1920ರಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ಸರಕಾರಿ ವಿಜ್ಞಾನಿಗಳು ಗಿಡಗಳು ಹೂ ಬಿಡುವುದನ್ನು ಹಗಲು ರಾತ್ರಿಗಳ ಉದ್ದ ನಿರ್ಧರಿಸುತ್ತದೆ ಎಂಬುದನ್ನು ಪ್ರಕಟಿಸಿದರು. ಅವರು ಹೊರಟಿದ್ದು ಇಂಥದೊಂದು ಮಹಾ ಸತ್ಯವನ್ನು ಹುಡುಕಿಕೊಂಡಲ್ಲ. ಆಳೆತ್ತರ ಮೀರಿ ಬೆಳೆದರೂ ಹೊಲದಲ್ಲಿ ಹೂ ಬಿಡದ ಒಂದು ತಂಬಾಕು ತಳಿ ಮತ್ತು ಯಾವಾಗ ಬಿತ್ತಿದರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೂ ಬಿಡುವ ಒಂದು ಸೋಯಾ ತಳಿ ಅವರ ತಲೆ ಕೆಡಿಸಿದ್ದವು. ಅವರು ಗಿಡಗಳನ್ನು ಹೊತ್ತಿಗೆ ಮುಂಚೆಯೇ ಕತ್ತಲ ಕೋಣೆಗೆ ಸೇರಿಸಿ, ಮತ್ತೆ ಹೊರಗೆ ತಂದು, ವರ್ಷಗಟ್ಟಲೆ ಪರೀಕ್ಷಿಸಿದರು. ಅವರು ದುಡಿದದ್ದು ವರ್ಜೀನಿಯಾದ ಅರ್ಲಿಂಗ್ಟನ್ ಪ್ರಯೋಗ ಕ್ಷೇತ್ರದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಕ್ಷೇತ್ರವು ಕೃಷಿ ಇಲಾಖೆಯ ಕೈತಪ್ಪಿ ಯುದ್ಧ ಇಲಾಖೆಗೆ ಹೋಯಿತು. ಯುದ್ಧ ಇಲಾಖೆಯ ಹೊಸ ಕಟ್ಟಡವನ್ನು ಮೊದಲು ಯೋಜಿಸಿದ್ದು ಅಲ್ಲಿಯೇ. ಅಲ್ಲಿನ ನಿವೇಶನಕ್ಕೆ ಐದು ಬದಿಗಳಿದ್ದ ಕಾರಣ ಕಟ್ಟಡಕ್ಕೂ ಐದು ಬದಿಗಳ ನಕ್ಷೆ ತಯಾರಾಯಿತು. ಮುಂದೆ ಜಾಗ ತುಸು ಬದಲಾದರೂ ನಕ್ಷೆ ಉಳಿಯಿತು. ಜಗತ್ತು ಇಂದು ಪೆಂಟಗನ್ ಎಂದು ಕರೆಯುವ ಕಟ್ಟಡದ ಆಕಾರವು ಒಂದು ಕೃಷಿ ಸಂಶೋಧನಾ ಕ್ಷೇತ್ರದ ಅಂಚಿನ ಗುರುತು ಎಂಬುದನ್ನು ಎಷ್ಟು ಮಂದಿ ಬಲ್ಲರು?

ಅರ್ಲಿಂಗ್ಟನ್ ಕೈಬಿಟ್ಟಾಗ ಸಂಶೋಧನೆಗೆ ಆಸರೆ ಕೊಟ್ಟದ್ದು ಬೆಲ್ಟ್ಸ್‌ವಿಲ್. ಅಲ್ಲಿ 1952ರಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಕೆಂಪು ಬೆಳಕು ಹಾಯಿಸಿದರು. ಬೀಜ ಮೊಳೆಯಿತು. ಕೆಂಪಿನಾಚೆಯ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು ಹಾಯಿಸಿದಾಗ ಮೊಳೆಯಲಿಲ್ಲ. ಮತ್ತೆ ಕೆಂಪು, ಮತ್ತೆ ಮೊಳಕೆ. ಕೊನೆಯದಾಗಿ ಯಾವ ಬೆಳಕು ಬಿತ್ತೋ ಅದರಂತೆ ಬೀಜ ನಡೆದುಕೊಳ್ಳುತ್ತಿತ್ತು. ಗಿಡದೊಳಗೆ ಬೆಳಕನ್ನು ಗುರುತಿಸುವ ಒಂದು ಗುಂಡಿ ಇದೆ ಎಂಬುದು ಇದರಿಂದ ಖಚಿತವಾಯಿತು. 1959ರಲ್ಲಿ ಅದೇ ಕೇಂದ್ರದಲ್ಲಿ ಆ ವರ್ಣದ್ರವ್ಯವನ್ನು ಪತ್ತೆ ಹಚ್ಚಿ ಫೈಟೊಕ್ರೋಮ್ ಎಂದು ಹೆಸರಿಡಲಾಯಿತು. ಚಿಕ್ಕಬಳ್ಳಾಪುರದ ಸೇವಂತಿಗೆ ಹೊಲದ ಬಲ್ಬು ಒತ್ತುತ್ತಿರುವುದು ಇದೇ ಗುಂಡಿಯನ್ನು. ಈ ಸತ್ಯಕ್ಕೆ ನಮ್ಮ ರೈತ ಯಾರಿಗೂ ಒಂದು ಪೈಸೆ ರಾಯಲ್ಟಿ ಕೊಡಬೇಕಾಗಿಲ್ಲ. ಕಾರಣ, ಸಾರ್ವಜನಿಕ ಹಣದಿಂದ ಕಂಡುಹಿಡಿದುದನ್ನು ಸಾರ್ವಜನಿಕವಾಗಿಯೇ ಪ್ರಕಟಿಸಲಾಗಿತ್ತು.

ಇನ್ನೊಂದು ಉದಾಹರಣೆ ನಮ್ಮ ಕರಾವಳಿಯ ತೆಂಗಿಗೆ ಹತ್ತಿರದ್ದು. ಆಲೂಗಡ್ಡೆಯನ್ನು ಕದಿರಿನಂತೆ ಉದ್ದಕ್ಕೆ ಸೊರಗಿಸುವ ರೋಗವೊಂದು ಅಮೆರಿಕದ ರೈತರನ್ನು 1920ರ ದಶಕದಿಂದಲೇ ಕಾಡುತ್ತಿತ್ತು. ಅದಕ್ಕೆ ವೈರಸ್ ಕಾರಣವೆಂದು ಎಲ್ಲರೂ ನಂಬಿದ್ದರು. ಆದರೆ ಆ ವೈರಸ್ಸನ್ನು ಕಂಡವರಿಲ್ಲ. ಬೆಲ್ಟ್ಸ್‌ವಿಲ್‌ನ ಥಿಯೊಡೋರ್ ಡೀನರ್ ವರ್ಷಗಳ ಕಾಲ ಅದರ ಬೆನ್ನು ಹತ್ತಿ, 1971ರಲ್ಲಿ ಅದು ವೈರಸ್ ಅಲ್ಲವೆಂದೂ, ವೈರಸ್ಸಿಗಿಂತಲೂ ಎಷ್ಟೋ ಪಾಲು ಕಿರಿದಾದ, ಹೊದಿಕೆಯೇ ಇಲ್ಲದ ಆರ್‌ಎನ್‌ಎ ತುಣುಕೆಂದೂ ತೋರಿಸಿಕೊಟ್ಟರು. ಅದಕ್ಕೆ ವೈರಾಯ್ಡ್ ಎಂಬ ಹೆಸರನ್ನೂ ಅವರೇ ಇಟ್ಟರು. ಇಷ್ಟು ಚಿಕ್ಕ ವಸ್ತು ರೋಗ ತರಬಲ್ಲದು ಎಂಬುದನ್ನು ಆಗಿನ ವಿಜ್ಞಾನ ಲೋಕ ನಂಬಲು ಸಿದ್ಧವಿರಲಿಲ್ಲ. ಆ ಹೊತ್ತಿನಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ತೆಂಗಿನ ಮರಗಳು ಸಾಲುಸಾಲಾಗಿ ಸಾಯುತ್ತಿದ್ದವು. ಕಡಾಂಗ್ ಕಡಾಂಗ್ ಎಂದು ಅಲ್ಲಿನವರು ಕರೆಯುವ ಆ ಪಿಡುಗು ಕೋಟಿಗಟ್ಟಲೆ ಮರಗಳನ್ನು ನುಂಗಿದೆ. ಅದಕ್ಕೂ ವೈರಾಯ್ಡೇ ಕಾರಣವೆಂಬುದು 1970ರ ದಶಕದಲ್ಲಿ ತಿಳಿದದ್ದು, ಹುಡುಕಬೇಕಾದದ್ದು ಏನೆಂಬುದನ್ನು ಆಲೂಗಡ್ಡೆಯ ಸಂಶೋಧನೆ ಮೊದಲೇ ತೋರಿಸಿಕೊಟ್ಟಿದ್ದರಿಂದ. ಹೊರದೇಶದ ತೆಂಗಿನ ಸಸಿಯನ್ನು ಪರೀಕ್ಷೆಗೆ ಒಳಪಡಿಸದೆ ಒಳಗೆ ಬಿಡಬಾರದು ಎಂಬ ನಿಯಮದ ಹಿಂದೆ ಈ ಅರಿವೂ ಇದೆ. ಮೇರಿಲ್ಯಾಂಡಿನ ಪ್ರಯೋಗಾಲಯದಲ್ಲಿ ಆಲೂಗಡ್ಡೆಯ ಮುಂದೆ ಕುಳಿತಿದ್ದ ಸರಕಾರಿ ನೌಕರನೊಬ್ಬ ಕಾಸರಗೋಡಿನಿಂದ ಕಾರವಾರದವರೆಗಿನ ತೆಂಗಿನ ತೋಟಗಳಿಗೆ ಹೀಗೆ ಕಾವಲಿಗನಾದ. ಆತನಿಗೆ ಸಂಬಳ ಕೊಟ್ಟ ಅಮೆರಿಕದ ತೆರಿಗೆದಾರನಿಗೆ ಅದು ಗೊತ್ತಿರಲಿಕ್ಕಿಲ್ಲ.

ನಾವು ಇಲ್ಲಿ ಒಂದು ಸಂಸ್ಥೆಯ ಗುಣಗಾನಕ್ಕೆ ಹೊರಟಿಲ್ಲ. ಮರೆಮಾಚಬಾರದ ಸಂಗತಿಗಳೂ ಇವೆ. ಯುದ್ಧಕಾಲದಲ್ಲಿ ಬೆಲ್ಟ್ಸ್‌ವಿಲ್ ವಿಜ್ಞಾನಿಗಳೂ ಕೈಜೋಡಿಸಿದ್ದ ಸಸ್ಯ ಹಾರ್ಮೋನುಗಳ ಸಂಶೋಧನೆಯಿಂದ 2,4-ಡಿ ಎಂಬ ಕಳೆನಾಶಕ ಬಳಕೆಗೆ ಬಂತು. ಅದನ್ನೇ ಇನ್ನೊಂದು ರಾಸಾಯನಿಕದೊಂದಿಗೆ ಬೆರೆಸಿ ಏಜೆಂಟ್ ಆರೆಂಜ್ ಎಂಬ ಹೆಸರಿನಲ್ಲಿ ಅಮೆರಿಕದ ಸೇನೆ ವಿಯೆಟ್ನಾಮಿನ ಕಾಡು ಗದ್ದೆಗಳ ಮೇಲೆ ಸುರಿಯಿತು. ತಲೆಮಾರುಗಳು ಅದರ ನೋವನ್ನು ಉಂಡಿವೆ. ವಿಜ್ಞಾನಿಯ ಮೇಜಿನಿಂದ ಹೊರಟ ವಸ್ತು ಯಾರ ಕೈಗೆ ಹೋಗುತ್ತದೆ ಎಂಬುದು ವಿಜ್ಞಾನದಷ್ಟೇ ಮುಖ್ಯವಾದ ಪ್ರಶ್ನೆ.

ಲಾಭದ ವಿಚಾರದಲ್ಲೂ ಹಾಗೆಯೇ. ಹೆಣ್ಣು ಕರುವೇ ಹುಟ್ಟುವಂತೆ ಹೋರಿಯ ವೀರ್ಯವನ್ನು ಬೇರ್ಪಡಿಸುವ ತಂತ್ರವನ್ನು ರೂಪಿಸಿದ್ದು ಬೆಲ್ಟ್ಸ್‌ವಿಲ್‌ನಲ್ಲೇ. ಅಲ್ಲಿನ ಲಾರೆನ್ಸ್ ಜಾನ್ಸನ್ ಮತ್ತು ಸಂಗಡಿಗರು 1989ರಲ್ಲಿ ಮೊಲಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ಮುಂದೆ ಈ ತಂತ್ರದ ಪರವಾನಗಿ ಖಾಸಗಿ ಕಂಪೆನಿಯ ಪಾಲಾಯಿತು. ನಮ್ಮ ಹೈನುಗಾರರಿಗೆ ಆ ವೀರ್ಯದ ಕಡ್ಡಿ ಬಹುಕಾಲ ದುಬಾರಿಯಾಗಿಯೇ ಉಳಿಯಿತು. 2020ರ ಜಾನುವಾರು ಕಾಯ್ದೆ ಬಂದ ಬಳಿಕ ಗಂಡು ಕರುವನ್ನು ಸಾಕಲೂ ಆಗದೆ ಮಾರಲೂ ಆಗದೆ ಒದ್ದಾಡುವ ಕರ್ನಾಟಕದ ಬಡ ಹೈನುಗಾರನಿಗೆ ಈ ತಂತ್ರದ ಬೆಲೆ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸಾರ್ವಜನಿಕ ಸಂಶೋಧನೆಯನ್ನು ಖಾಸಗಿಯವರಿಗೆ ಹಸ್ತಾಂತರಿಸಿದ ಈ ನೀತಿಯನ್ನು ಟೀಕಿಸಬೇಕು. ಆದರೆ ಹಾಗೆ ಟೀಕಿಸಲು, ಲೆಕ್ಕ ಕೇಳಲು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎತ್ತಲು ಸಾಧ್ಯವಾಗುವುದು ಸಂಸ್ಥೆಯು ಸಾರ್ವಜನಿಕವಾಗಿದ್ದಾಗ ಮಾತ್ರ. ಕಂಪೆನಿಯ ಪ್ರಯೋಗಾಲಯದ ಬಾಗಿಲ ಮುಂದೆ ನಿಂತು ಲೆಕ್ಕ ಕೇಳುವ ಹಕ್ಕು ಯಾವ ರೈತನಿಗೂ ಇಲ್ಲ.

ಈಗ ಸರಕಾರದ ಸಮರ್ಥನೆಗಳನ್ನು ನೋಡೋಣ. ಕಟ್ಟಡಗಳು ಹಳತಾಗಿವೆ, ದುರಸ್ತಿಗೆ ಭಾರೀ ವೆಚ್ಚವಾಗುತ್ತದೆ ಎಂಬುದು ಒಂದು. ನಿಜ, ಕಟ್ಟಡಗಳು ಜೀರ್ಣವಾಗಿವೆ. ಆದರೆ ಅವು ತಾವಾಗಿಯೇ ಜೀರ್ಣವಾಗಲಿಲ್ಲ. ದಶಕಗಳ ಕಾಲ ದುರಸ್ತಿಯನ್ನು ಮುಂದೂಡಿದ್ದು ಒಂದರ ಹಿಂದೊಂದು ಬಂದ ಸರಕಾರಗಳು. ಮನೆಯ ಹೆಂಚು ಹೊದಿಸದೆ ಮಳೆಗೆ ಬಿಟ್ಟು, ಆಮೇಲೆ ಗೋಡೆ ಕುಸಿಯುತ್ತಿದೆ ಆದ್ದರಿಂದ ಮನೆ ಮಾರೋಣ ಎನ್ನುವ ಯಜಮಾನನ ನ್ಯಾಯ ಇದು. ಸರಕಾರಿ ಶಾಲೆಗಳ ವಿಷಯದಲ್ಲಿ, ಸರಕಾರಿ ಆಸ್ಪತ್ರೆಗಳ ವಿಷಯದಲ್ಲಿ ನಾವು ಈ ನ್ಯಾಯವನ್ನು ಬೇಕಾದಷ್ಟು ಕಂಡಿದ್ದೇವೆ. ಮೊದಲು ಶಿಕ್ಷಕರನ್ನು ಕೊಡುವುದಿಲ್ಲ, ಆಮೇಲೆ ಮಕ್ಕಳು ಬರುತ್ತಿಲ್ಲ ಎನ್ನುತ್ತಾರೆ, ಕೊನೆಗೆ ಬೀಗ ಹಾಕುತ್ತಾರೆ.

ಇನ್ನೊಂದು ಸಮರ್ಥನೆ, ಇಲಾಖೆಯನ್ನು ರೈತರಿಗೆ ಹತ್ತಿರ ಒಯ್ಯುತ್ತೇವೆ ಎಂಬುದು. ಕೇಳಲು ಇಂಪಾದ ಮಾತು. ಆದರೆ ಅಮೆರಿಕದ ಕೃಷಿ ಸಂಶೋಧನಾ ಸೇವೆಗೆ ದೇಶದ ಉದ್ದಗಲಕ್ಕೂ 90ಕ್ಕಿಂತ ಹೆಚ್ಚು ಕೇಂದ್ರಗಳು ಮೊದಲೇ ಇದ್ದವು. ರೈತರ ಸಮೀಪ ಹೋಗುವ ಕೆಲಸವನ್ನು ಅವು ಮಾಡುತ್ತಲೇ ಬಂದಿವೆ. ಈ ಪ್ರಯೋಗದ ಫಲವೇನು ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. 2019ರಲ್ಲಿ, ಟ್ರಂಪ್ ಅವರ ಮೊದಲ ಅವಧಿಯಲ್ಲಿ, ಇದೇ ಇಲಾಖೆಯ ಎರಡು ಸಂಸ್ಥೆಗಳನ್ನು ವಾಷಿಂಗ್ಟನ್‌ನಿಂದ ಕನ್ಸಾಸ್ ಸಿಟಿಗೆ ಸ್ಥಳಾಂತರಿಸಲಾಯಿತು. ಒಂದು ಕೃಷಿ ಅರ್ಥಶಾಸ್ತ್ರದ್ದು, ಇನ್ನೊಂದು ಸಂಶೋಧನಾ ಅನುದಾನದ್ದು. ನೌಕರರಲ್ಲಿ ಬಹುಪಾಲು ಮಂದಿ ಹೋಗಲಿಲ್ಲ, ಕೆಲಸವನ್ನೇ ಬಿಟ್ಟರು. ಮಕ್ಕಳ ಶಾಲೆ, ಮುದಿ ತಂದೆತಾಯಿ, ಸಂಗಾತಿಯ ಉದ್ಯೋಗ ಇವನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಸಾವಿರಾರು ಕಿಲೋಮೀಟರ್ ಹೋಗಲು ಯಾರಿಗೆ ಸಾಧ್ಯ? ಹಲವು ದಶಕಗಳ ಅನುಭವವಿದ್ದವರು ಹೊರನಡೆದಾಗ ವರದಿಗಳು ಕುಂಠಿತವಾದವು, ಅನುದಾನ ವಿತರಣೆ ತಡವಾಯಿತು. 2025ರಲ್ಲಂತೂ ಸ್ಥಳಾಂತರದ ಆದೇಶ ಬರುವುದಕ್ಕೆ ಮೊದಲೇ 15,000ಕ್ಕೂ ಹೆಚ್ಚು ಮಂದಿ ಇಲಾಖೆಯ ರಾಜೀನಾಮೆ ಯೋಜನೆಯನ್ನು ಒಪ್ಪಿಕೊಂಡಿದ್ದರು. ಇದನ್ನೆಲ್ಲ ಕಂಡೂ ಅದೇ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಮಾಡಹೊರಟವರ ಉದ್ದೇಶ ಸುಧಾರಣೆಯೇ ಆಗಿದೆಯೆಂದು ನಂಬುವುದು ಕಷ್ಟ.

ಕುರ್ಚಿ ಮೇಜುಗಳನ್ನು ಲಾರಿಗೆ ಹಾಕಬಹುದು. ಮಣ್ಣನ್ನು ಹಾಕಲಾಗುವುದಿಲ್ಲ. ಬೆಲ್ಟ್ಸ್‌ವಿಲ್‌ನಲ್ಲಿ 1996ರಿಂದ ಒಂದೇ ಹೊಲದ ಪಟ್ಟಿಗಳಲ್ಲಿ ಸಾವಯವ ಕೃಷಿಯನ್ನೂ ರಾಸಾಯನಿಕ ಕೃಷಿಯನ್ನೂ ಅಕ್ಕಪಕ್ಕದಲ್ಲಿ ನಡೆಸಿ, ಇಳುವರಿ, ಮಣ್ಣಿನ ಸತ್ವ, ಕಳೆಗಳನ್ನು ಅಳೆಯುತ್ತ ಬರಲಾಗಿದೆ. ಇಂಥ ಪ್ರಯೋಗದ ಬೆಲೆ ಇರುವುದು ಅದರ ವಯಸ್ಸಿನಲ್ಲಿ. ಸಾವಯವವೇ ಸರಿ ಎನ್ನುವವರೂ ಅದು ಬರಿಯ ಭ್ರಮೆ ಎನ್ನುವವರೂ ನಮ್ಮಲ್ಲಿ ವೇದಿಕೆ ಹತ್ತಿ ವಾದಿಸುತ್ತಲೇ ಇರುತ್ತಾರೆ. ಇಬ್ಬರಿಗೂ ಬೇಕಾದ ಉತ್ತರ ಇಂಥ ಹೊಲದಿಂದ ಬರಬೇಕು. ಮಾತಿನ ಮಂಟಪದಿಂದ ಅದು ಬಾರದು. ಹೊಸ ನಗರದಲ್ಲಿ ಹೊಸದಾಗಿ ಶುರುಮಾಡಿದರೆ ಮತ್ತೆ ಮೂವತ್ತು ವರ್ಷ ಕಾಯಬೇಕು. ಅಲ್ಲಿ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವೂ ಇದೆ. ಸುಮಾರು ಹತ್ತು ಲಕ್ಷ ಮಾದರಿಗಳ ಆ ಭಂಡಾರ ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಯಾವುದೋ ದೇಶದಲ್ಲಿ ಹೊಸ ಬೂಷ್ಟು ರೋಗ ಕಾಣಿಸಿಕೊಂಡರೆ ಅದು ನಿಜಕ್ಕೂ ಹೊಸತೇ, ಅಥವಾ ನೂರು ವರ್ಷದ ಹಿಂದೆ ಇನ್ನೆಲ್ಲೋ ಕಂಡದ್ದೇ ಎಂದು ಹೋಲಿಸಿ ನೋಡುವುದು ಇಂಥ ಭಂಡಾರಗಳಲ್ಲಿ.

ಜೇನಿನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಕನ್ನಡ, ಕೊಡಗು, ಮಲೆನಾಡುಗಳ ತುಡುವೆ ಜೇನನ್ನು ಹೇಗೆ ಗುಡಿಸಿ ಹಾಕಿತು ಎಂಬುದನ್ನು ಸುಳ್ಯ ಪುತ್ತೂರಿನ ಹಿರಿಯರು ಇಂದೂ ಮರೆತಿಲ್ಲ. ಬಹುಪಾಲು ಪೆಟ್ಟಿಗೆಗಳು ಬರಿದಾದವು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಸತ್ತ ಮರಿಗಳ ರಾಶಿ. ಏನಾಯಿತೆಂದು ತಕ್ಷಣ ಹೇಳಬಲ್ಲ ಪ್ರಯೋಗಾಲಯ ಹತ್ತಿರದಲ್ಲಿರಲಿಲ್ಲ. ಅಮೆರಿಕದ ಜೇನುಗಾರನಿಗೆ ಆ ಸೌಲಭ್ಯವಿದೆ. ಸತ್ತ ನೊಣಗಳನ್ನೂ ಎರಿಯ ತುಂಡನ್ನೂ ಕಟ್ಟಿ ಬೆಲ್ಟ್ಸ್‌ವಿಲ್‌ನ ಜೇನು ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಿದರೆ, ಪರೀಕ್ಷಿಸಿ ರೋಗದ ಹೆಸರು ತಿಳಿಸುತ್ತಾರೆ. ಶುಲ್ಕವಿಲ್ಲ. 2024-25ರ ಚಳಿಗಾಲದಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜೇನು ಕುಟುಂಬಗಳು ನಾಶವಾದಾಗ ಕಾರಣ ಹುಡುಕಿದ್ದೂ ಇದೇ ಪ್ರಯೋಗಾಲಯ. ಜೇನಿಗೆ ಅಂಟುವ ಉಣ್ಣೆಗಳು ಅಮಿಟ್ರಾಜ್ ಎಂಬ ಔಷಧಕ್ಕೆ ಜಗ್ಗದಂತಾಗಿವೆ, ಅವು ಹರಡುವ ವೈರಸ್‌ಗಳೇ ಈ ಸಾವಿಗೆ ಮುಖ್ಯ ಕಾರಣ ಎಂದು ಅದು 2025ರ ಜೂನ್‌ನಲ್ಲಿ ಹೇಳಿತು. ಮರು ತಿಂಗಳು ಬಂದದ್ದು ಕೇಂದ್ರವನ್ನು ತೆರವು ಮಾಡುವ ಆದೇಶ!

ಖಾಸಗಿ ವಲಯವು ಈ ಕೊರತೆಯನ್ನು ತುಂಬಲಾರದೇ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ನೆಲದ ಉತ್ತರವೇ ಸಾಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು. ರಾಗಿ ಲಕ್ಷ್ಮಣಯ್ಯ ಎಂದೇ ಜನ ಅವರನ್ನು ಕರೆದರು. ರಾಗಿಯ ಹೂವೆಂದರೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅದನ್ನು ಅಡ್ಡತಳಿ ಮಾಡುವುದು ಆಗದ ಕೆಲಸವೆಂದು ಕೈಬಿಟ್ಟವರೇ ಹೆಚ್ಚು. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ನಂಟು ಬೆಳೆಸಿ ಇಂಡಾಫ್ ಎಂಬ ತಳಿಗಳನ್ನು ಕೊಟ್ಟರು. ಅರ್ಧ ಇಂಡಿಯಾ, ಅರ್ಧ ಆಫ್ರಿಕಾ. ಹೆಸರಲ್ಲೇ ವಂಶಾವಳಿ ಇದೆ. 1970ರ ದಶಕದಲ್ಲಿ ಈ ತಳಿಗಳು ಹಳೆ ಮೈಸೂರಿನ ಬಡವನ ಮುದ್ದೆಯ ಗಾತ್ರವನ್ನು ಹೆಚ್ಚಿಸಿದವು. ಯಾವ ಬಹುರಾಷ್ಟ್ರೀಯ ಕಂಪೆನಿ ರಾಗಿಗಾಗಿ ಒಬ್ಬ ವಿಜ್ಞಾನಿಯ ಆಯುಷ್ಯವನ್ನು ಮೀಸಲಿಡುತ್ತಿತ್ತು? ರಾಗಿ ಬೆಳೆಯುವವನು ಬಡವ, ಉಣ್ಣುವವನೂ ಬಡವ. ಕೊಯ್ಲಿನಿಂದ ಒಂದು ಹಿಡಿ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಬೀಜದ ಅಂಗಡಿಗೇ ಹೋಗಬೇಕಾಗಿಲ್ಲ. ಇಂಥ ಬೆಳೆಯಲ್ಲಿ ವ್ಯಾಪಾರವೆಲ್ಲಿದೆ?

ಉತ್ತರ ಕರ್ನಾಟಕದ ಓದುಗರಿಗೆ ವರಲಕ್ಷ್ಮಿ ಹತ್ತಿಯ ನೆನಪಿರಬಹುದು. ಧಾರವಾಡದ ಸರಕಾರಿ ಸಂಶೋಧನಾ ಕ್ಷೇತ್ರದಲ್ಲಿ ಬಿ.ಎಚ್. ಕಟರಕಿ ಅವರು ಬೇರೆ ಬೇರೆ ಜಾತಿಯ ಎರಡು ಹತ್ತಿಗಳನ್ನು ಕೂಡಿಸಿ 1972ರಲ್ಲಿ ಈ ಹೈಬ್ರಿಡ್ ತಳಿಯನ್ನು ಕೊಟ್ಟರು. ಬಳಿಕ ಅಲ್ಲಿಂದಲೇ ಡಿಸಿಎಚ್-32 ಬಂತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಅದಾದ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದರ ವಶವಾಯಿತು. ಪ್ರತಿ ಪ್ಯಾಕೆಟ್ ಬೀಜದಲ್ಲೂ ವಿದೇಶಿ ಕಂಪೆನಿಯ ತಂತ್ರಜ್ಞಾನ ಶುಲ್ಕ ಅಡಗಿ ಕುಳಿತಿತು. ಗುಲಾಬಿ ಕಾಯಿಕೊರಕ ಮತ್ತೆ ತಲೆಯೆತ್ತಿದಾಗ ನಷ್ಟ ಮಾತ್ರ ರೈತನ ಪಾಲಿಗೆ ಉಳಿಯಿತು. ಇಂದು ಬಾಯರ್, ಕೋರ್ಟೆವಾ, ಸಿಂಜೆಂಟಾ, ಬಿಎಎಸ್‌ಎಫ್ ಎಂಬ ನಾಲ್ಕು ಕಂಪೆನಿಗಳ ಮುಷ್ಟಿಯಲ್ಲಿ ಜಗತ್ತಿನ ಬೀಜ ವ್ಯಾಪಾರದ ಬಹುದೊಡ್ಡ ಪಾಲಿದೆ. ವಿಚಿತ್ರವೆಂದರೆ, 1930ರ ದಶಕದಲ್ಲಿ ಬೆಲ್ಟ್ಸ್‌ವಿಲ್ ಕೇಂದ್ರ ಬೆಳೆಯುವಾಗ ಕೃಷಿ ಸಚಿವರಾಗಿದ್ದ ಹೆನ್ರಿ ವ್ಯಾಲೇಸ್ ಸ್ವತಃ ಒಂದು ಬೀಜ ಕಂಪೆನಿಯ ಸ್ಥಾಪಕರು. 1926ರಲ್ಲಿ ಅವರು ಹುಟ್ಟುಹಾಕಿದ ಆ ಕಂಪೆನಿ ಪಯೋನೀರ್ ಎಂಬ ಹೆಸರು ಪಡೆದು ಇಂದು ಕೋರ್ಟೆವಾದ ಒಳಗಿದೆ. ಬೀಜದ ವ್ಯಾಪಾರಿಗೇ ಸರಕಾರಿ ಸಂಶೋಧನೆ ಬೇಕೆನಿಸಿತ್ತು. ಕಂಪೆನಿ ಮಾಡುವ ಕೆಲಸ ಯಾವುದು, ಮಾಡದಿರುವ ಕೆಲಸ ಯಾವುದು ಎಂಬುದನ್ನು ಒಳಗಿನವರಾಗಿ ಅವರು ಬಲ್ಲವರಾಗಿದ್ದರು. 2000ದಲ್ಲಿ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಯಿತು.

ಇಲ್ಲಿ ಭೂಮಿಯ ಮಾತೂ ಬರುತ್ತದೆ. ಒಂದು ಕಾಲಕ್ಕೆ 14,000 ಎಕರೆ ದಾಟಿದ್ದ ಬೆಲ್ಟ್ಸ್‌ವಿಲ್ ಕರಗುತ್ತ ಕರಗುತ್ತ ಸುಮಾರು 6,500 ಎಕರೆಗೆ ಬಂದು ನಿಂತಿದೆ. ಬಾಹ್ಯಾಕಾಶ ಸಂಸ್ಥೆ ನಾಸಾದ ಗೊಡಾರ್ಡ್ ಕೇಂದ್ರ ಎದ್ದದ್ದು ಇದರ ನೆಲದಲ್ಲಿ. ಇತ್ತೀಚಿನ ವರ್ಷಗಳಲ್ಲಿ ಸುಮಾರು 100 ಎಕರೆ ಡಾಲರ್ ನೋಟು ಮುದ್ರಿಸುವ ಇಲಾಖೆಗೆ ಹೋಯಿತು. ಗೋಧಿ ಬೆಳೆಯುವಲ್ಲಿ ನೋಟು ಮುದ್ರಿಸುವುದು ಹೆಚ್ಚು ಲಾಭದ ಕೃಷಿ ಎಂದು ಬಗೆದಿರಬೇಕು. ರಾಜಧಾನಿಯ ಹೊರವಲಯದಲ್ಲಿ ಉಳಿದ ಸಾವಿರಾರು ಎಕರೆಗೆ ಎಂಥ ಬೆಲೆ ಬರಬಹುದು, ಯಾರ ಕಣ್ಣು ಅದರ ಮೇಲೆ ಬೀಳಬಹುದು ಎಂಬುದನ್ನು ಬೆಂಗಳೂರಿನ ಹೆಬ್ಬಾಳದ ಸುತ್ತಮುತ್ತ ಓಡಾಡಿದವರು ಸುಲಭವಾಗಿ ಊಹಿಸಬಲ್ಲರು. ನಮ್ಮ ನೆರೆಯ ತೆಲಂಗಾಣದಲ್ಲಿ 2024ರ ಜನವರಿಯಲ್ಲಿ ಏನಾಯಿತು? ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೃಷಿ ವಿಶ್ವವಿದ್ಯಾಲಯದ 100 ಎಕರೆಯನ್ನು ಹೈಕೋರ್ಟ್ ಕಟ್ಟಡಕ್ಕೆ ನೀಡಲಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು. ನ್ಯಾಯಾಲಯಕ್ಕೆ ಕಟ್ಟಡ ಬೇಕು, ಒಪ್ಪೋಣ. ಆದರೆ ನಗರಗಳಿಗೆ ಜಾಗ ಬೇಕಾದಾಗಲೆಲ್ಲ ಪ್ರಯೋಗದ ಹೊಲವೇ ಖಾಲಿ ಜಾಗವಾಗಿ ಕಾಣುವುದೇಕೆ?

ಇದೇ ಮಾತು ಹದಿನೈದು ವರ್ಷಗಳ ಹಿಂದೆ ರಷ್ಯಾದಲ್ಲೂ ಎದ್ದಿತ್ತು. ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಪಾವ್ಲೊವ್‌ಸ್ಕ್ ಕೇಂದ್ರವನ್ನು 1926ರಲ್ಲಿ ಕಟ್ಟಿದವರು ಬೀಜಗಳ ಮಹಾ ಸಂಗ್ರಾಹಕ ನಿಕೊಲಾಯ್ ವವಿಲೋವ್. ಸ್ಟಾಲಿನ್ ಆಡಳಿತ ಅವರನ್ನು ಸೆರೆಗೆ ತಳ್ಳಿತು. ಜಗತ್ತಿನ ಹಸಿವನ್ನು ನೀಗಿಸಲು ಹೊರಟಿದ್ದ ಆ ಮನುಷ್ಯ 1943ರಲ್ಲಿ ಸರಾಟೋವ್ ಜೈಲಿನಲ್ಲಿ ಹಸಿವಿನಿಂದ ಸೊರಗಿ ಸತ್ತರು. ಅತ್ತ ನಾಜಿಗಳು ಲೆನಿನ್‌ಗ್ರಾಡನ್ನು ಮುತ್ತಿದ್ದಾಗ ಅವರ ಸಂಸ್ಥೆಯ ವಿಜ್ಞಾನಿಗಳು ಅಕ್ಕಿ, ಕಡಲೆಕಾಯಿ, ಧಾನ್ಯಗಳ ಚೀಲಗಳ ನಡುವೆಯೇ ಉಪವಾಸವಿದ್ದು ಪ್ರಾಣಬಿಟ್ಟರು. ಒಂದು ಕಾಳನ್ನೂ ತಿನ್ನಲಿಲ್ಲ. ಅಂಥ ಪರಂಪರೆಯ ಪಾವ್ಲೊವ್‌ಸ್ಕ್ ಹೊಲಗಳನ್ನು 2010ರಲ್ಲಿ ವಸತಿ ಬಡಾವಣೆಗೆ ಕೊಡಲು ಸರಕಾರ ಹೊರಟಿತು. ನ್ಯಾಯಾಲಯವೂ ಅಡ್ಡಿ ಮಾಡಲಿಲ್ಲ. ಅಲ್ಲಿದ್ದ ಐದು ಸಾವಿರಕ್ಕೂ ಹೆಚ್ಚು ಹಣ್ಣಿನ ತಳಿಗಳಲ್ಲಿ ಹೆಚ್ಚಿನವು ಬೇರೆಲ್ಲೂ ಇರಲಿಲ್ಲ. ಅವು ಬೀಜವಾಗಿ ಡಬ್ಬಿಯಲ್ಲಿಡುವಂಥವಲ್ಲ, ಗಿಡಗಳಾಗಿಯೇ ನೆಲದಲ್ಲಿರಬೇಕಾದವು. ಜಗತ್ತಿನ ವಿಜ್ಞಾನಿಗಳು ಪ್ರತಿಭಟಿಸಿದರು, ಸಹಸ್ರಾರು ಜನ ಪತ್ರ ಬರೆದರು. ಕ್ರೆಮ್ಲಿನ್ ಹಿಂದಡಿ ಇಟ್ಟಿತು. 2012ರಲ್ಲಿ ಆ ನೆಲ ಬಡಾವಣೆಯ ಪಟ್ಟಿಯಿಂದ ಹೊರಬಂತು.

ಎಲ್ಲರಿಗೂ ಈ ಭಾಗ್ಯ ಸಿಗಲಿಲ್ಲ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿದಾಗ ಅಬೂ ಗುರೈಬ್‌ನಲ್ಲಿದ್ದ ಆ ದೇಶದ ಬೀಜ ಭಂಡಾರ ಲೂಟಿಯಾಯಿತು. ಅಬೂ ಗುರೈಬ್ ಎಂದರೆ ಜಗತ್ತಿಗೆ ಜೈಲು ನೆನಪಾಗುತ್ತದೆಯೇ ಹೊರತು ಮಾನವ ಕುಲ ಗೋಧಿಯನ್ನು ಮೊದಲು ಪಳಗಿಸಿದ ಸೀಮೆಯ ಬೀಜಗಳಲ್ಲ. ಅವುಗಳ ಒಂದು ಪಾಲು ಮೊದಲೇ ಸಿರಿಯಾದ ಅಲೆಪ್ಪೊದ ಒಣಭೂಮಿ ಸಂಶೋಧನಾ ಕೇಂದ್ರವನ್ನು ಸೇರಿದ್ದರಿಂದ ಉಳಿಯಿತು. ಮುಂದೆ ಅಲೆಪ್ಪೊವನ್ನೂ ಯುದ್ಧ ನುಂಗಿತು. ಆ ಕೇಂದ್ರದವರು ಮುಂಜಾಗ್ರತೆಯಾಗಿ ನಾರ್ವೆಯ ಹಿಮದಡಿಯ ಸ್ವಾಲ್‌ಬಾರ್ಡ್ ಭಂಡಾರದಲ್ಲಿ ಇಟ್ಟಿದ್ದ ಬೀಜಗಳನ್ನು 2015ರಲ್ಲಿ ಹಿಂಪಡೆದು ಲೆಬನಾನ್ ಮತ್ತು ಮೊರಾಕ್ಕೊಗಳಲ್ಲಿ ಮತ್ತೆ ಬಿತ್ತಿದರು. ಬೆಲ್ಟ್ಸ್‌ವಿಲ್ ಆದೇಶ ಬಂದ ಒಂದು ವಾರಕ್ಕೆ, 2025ರ ಜುಲೈ 31ರಂದು, ಪಶ್ಚಿಮ ದಂಡೆಯ ಹೆಬ್ರಾನ್‌ನಲ್ಲಿ ಪ್ಯಾಲೆಸ್ತೀನ್ ರೈತ ಸಂಘಟನೆಯೊಂದರ ಬೀಜೋತ್ಪಾದನಾ ಘಟಕವನ್ನು ಇಸ್ರೇಲಿ ಪಡೆಗಳು ಬುಲ್ಡೋಜರ್ ತಂದು ಕೆಡವಿದವು. ನಾವು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿಲ್ಲ. ಒಂದು ಆಕ್ರಮಣಕಾರನ ಅಪರಾಧ, ಇನ್ನೊಂದು ತನ್ನದೇ ಜನರ ಸೊತ್ತಿನ ಬಗ್ಗೆ ಒಂದು ಸರಕಾರದ ಬೇಜವಾಬ್ದಾರಿ.

ನಮ್ಮ ದೇಶದ ಕೃಷಿ ಸಂಶೋಧನೆಯ ಮೊದಲ ದೊಡ್ಡ ಕಟ್ಟಡಕ್ಕೆ ಹಣ ಬಂದದ್ದೂ ಒಬ್ಬ ಅಮೆರಿಕನ್ನನಿಂದ. 1905ರಲ್ಲಿ ಬಿಹಾರದ ಪೂಸಾದಲ್ಲಿ ಸಂಸ್ಥೆ ಕಟ್ಟಲು ಹೆನ್ರಿ ಫಿಪ್ಸ್ ಎಂಬವರು 30,000 ಪೌಂಡ್ ಕೊಟ್ಟರು. 1934ರ ಭೂಕಂಪದಲ್ಲಿ ಅದು ಹಾಳಾದಾಗ ಆಗಿನ ವಸಾಹತು ಸರಕಾರವೂ ಕೇಂದ್ರವನ್ನು ಮುಚ್ಚಲಿಲ್ಲ. ದೆಹಲಿಯಲ್ಲಿ ಮತ್ತೆ ಕಟ್ಟಿತು. ಹಸಿರು ಕ್ರಾಂತಿಯ ಕುಳ್ಳ ಗೋಧಿಯ ವಂಶವೂ 1946ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಯೊಬ್ಬರು ಜಪಾನಿನಿಂದ ತಂದ ನೋರಿನ್-10 ಬೀಜಕ್ಕೆ ಹೋಗಿ ಮುಟ್ಟುತ್ತದೆ. ಸಂಶೋಧಕರಿಂದ ಸಂಶೋಧಕರಿಗೆ ಕೈಬದಲಾಗುತ್ತ ಅದು ಮೆಕ್ಸಿಕೊ ಮೂಲಕ ನಮ್ಮ ಗದ್ದೆಗೆ ಬಂತು. ಹಸಿರು ಕ್ರಾಂತಿಯ ಕೊಡುಗೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ, ಅದು ಬೇರೆ ಚರ್ಚೆ. ಅಂದು ಅಡ್ಡಿಯಿಲ್ಲದೆ ಹರಿದ ಆ ಹಾದಿ ಇಂದು ಪೇಟೆಂಟ್ ಮತ್ತು ಪರವಾನಗಿಗಳ ಗೇಟುಗಳಿಂದ ತುಂಬಿದೆ.

ಆದ್ದರಿಂದ ಬೆಲ್ಟ್ಸ್‌ವಿಲ್ ಮುಚ್ಚುವ ನಿರ್ಧಾರವನ್ನು ನಾವು ವಿರೋಧಿಸುತ್ತೇವೆ. ಮೇರಿಲ್ಯಾಂಡಿನ ಜನಪ್ರತಿನಿಧಿಗಳು ಈ ಯೋಜನೆಯ ವಿರುದ್ಧ ಎತ್ತಿದ ದನಿ ನ್ಯಾಯವಾದದ್ದು. ಖಜಾನೆಯ ಬೀಗದ ಕೈ ಅಮೆರಿಕದ ಕಾಂಗ್ರೆಸ್ಸಿನ ಕೈಯಲ್ಲಿದೆ. ಸ್ಥಳಾಂತರಕ್ಕೆ ಹಣ ಕೊಡುವುದಿಲ್ಲ, ದುರಸ್ತಿಗೆ ಕೊಡುತ್ತೇವೆ ಎಂದು ಅದು ಹೇಳಬಹುದು. ಭಾರತ ಸರಕಾರಕ್ಕೂ ಇದರಲ್ಲಿ ಆಡಬೇಕಾದ ಮಾತಿದೆ. ಅಲ್ಲಿನ ಶಿಲೀಂಧ್ರ ಭಂಡಾರ, ತಳಿಗಳ ಮಾಹಿತಿ ಕೋಶಗಳು ಜಗತ್ತಿನ ಸಂಶೋಧಕರು ಬಳಸುವಂಥವು. ಅವುಗಳ ಗತಿಯೇನು ಎಂದು ನಮ್ಮ ಕೃಷಿ ಅನುಸಂಧಾನ ಪರಿಷತ್ತು ಅಧಿಕೃತವಾಗಿ ಕೇಳಬೇಕು.

ನಮ್ಮ ಶಾಸಕರು, ಸಂಸದರಿಗೂ ಒಂದು ಕೆಲಸವಿದೆ. ತಮ್ಮ ಕ್ಷೇತ್ರದಲ್ಲಿರುವ ಸರಕಾರಿ ಕೃಷಿ ಸಂಶೋಧನಾ ಕೇಂದ್ರಕ್ಕೆ ಅವರು ಕೊನೆಯ ಬಾರಿ ಹೋದದ್ದು ಯಾವಾಗ? ಗೇರು, ಅಡಿಕೆ, ತೆಂಗು, ಕಾಫಿ, ರಾಗಿ, ಹತ್ತಿ, ತೊಗರಿ ಹೀಗೆ ಒಂದೊಂದು ಬೆಳೆಗೂ ಈ ರಾಜ್ಯದಲ್ಲಿ ಒಂದೊಂದು ಕೇಂದ್ರವಿದೆ. ಅಡಿಕೆಯ ಕೊಳೆರೋಗಕ್ಕೆ 1910ರ ಹೊತ್ತಿಗೇ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಮಳೆಯಲ್ಲಿ ಅಲೆದು ಕಾರಣ ಹುಡುಕಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇಂದು ಹಳದಿ ರೋಗ ಮತ್ತು ಎಲೆಚುಕ್ಕಿ ರೋಗಗಳು ಸುಳ್ಯ, ಶೃಂಗೇರಿ, ಕೊಪ್ಪಗಳ ತೋಟಗಳನ್ನು ಬೋಳಿಸುತ್ತಿರುವಾಗ, ಅದೇ ಹಟದಿಂದ ಮಳೆಯಲ್ಲಿ ಅಲೆಯಬೇಕಾದ ವಿಜ್ಞಾನಿಗಳ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ, ಎಷ್ಟು ಖಾಲಿ ಬಿದ್ದಿವೆ? ಈ ಪ್ರಶ್ನೆಯನ್ನು ಮುಂದಿನ ಅಧಿವೇಶನದಲ್ಲಿ ಕೇಳಿ, ಕೇಂದ್ರವಾರು ಲಿಖಿತ ಉತ್ತರ ಪಡೆದು, ಅದನ್ನು ರೈತರ ಮುಂದಿಡಬೇಕು.